ಪರದೆಯಲ್ಲಿ ಕಲಿತ ಬಂದೂಕು

ಕೇಂದ್ರ ಗೃಹ ಸಚಿವಾಲಯದ ಲೆಕ್ಕದ ಪ್ರಕಾರ 2016ರ ಕೊನೆಯ ಹೊತ್ತಿಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಬಂದೂಕು ಲೈಸೆನ್ಸ್‌ಗಳು ಸುಮಾರು 33.69 ಲಕ್ಷ. ಅದರಲ್ಲಿ ಉತ್ತರ ಪ್ರದೇಶ ಒಂದರದ್ದೇ 12.77 ಲಕ್ಷ. ಕರ್ನಾಟಕದ್ದು 1.13 ಲಕ್ಷ. ಮಹಾರಾಷ್ಟ್ರದ್ದು 84 ಸಾವಿರದ ಆಸುಪಾಸು. ಹಿಂದಿ ಸಿನಿಮಾ ಬೆಳೆದು ನಿಂತ, ಅಂಧೇರಿ ಗೋರೆಗಾಂವ್‌ಗಳ ಸ್ಟುಡಿಯೋಗಳಲ್ಲಿ ಹುಸಿಗುಂಡು ಸಿಡಿಯುತ್ತಲೇ ಇರುವ ಮುಂಬಯಿ ಇರುವುದು ಈ ಕೊನೆಯ ರಾಜ್ಯದಲ್ಲಿ. ಸಿನಿಮಾ ನೋಡಿ ಜನ ಬಂದೂಕು ಕೊಳ್ಳುತ್ತಾರೆ ಎನ್ನುವುದು ಅಷ್ಟು ನೇರವಾಗಿದ್ದರೆ ಈ ಅಂಕಿಗಳು ತಲೆಕೆಳಗಾಗಿ ಇರಬೇಕಿತ್ತು. ಹಾಗಾಗಿ, ಎಲ್ಲೋ ಒಂದು ಗುಂಡು ಹಾರಿದ ಮಾರನೆಯ ದಿನ ಟಿವಿ ಚರ್ಚೆಯಲ್ಲಿ ಕುಳಿತು ಎಲ್ಲ ಈ ಸಿನಿಮಾದವರಿಂದಲೇ ಕೆಟ್ಟಿತು ಎನ್ನುವವರ ಮಾತನ್ನು ಇದ್ದ ಹಾಗೇ ಒಪ್ಪಲಾಗದು. ಆದರೆ ಸಿನಿಮಾ ಬರೀ ಮನರಂಜನೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎನ್ನುವ ಚಿತ್ರರಂಗದ ಸಿದ್ಧ ಉತ್ತರಕ್ಕೂ ಈ ಅಂಕಿಗಳು ಬೆಂಬಲ ಕೊಡುವುದಿಲ್ಲ. ಬಂದೂಕುಗಳ ಸಂಖ್ಯೆಯನ್ನು ತೀರ್ಮಾನಿಸುವುದು ಕಾನೂನು, ಜಮೀನು, ಜಾತಿ, ಊರಿನ ಚರಿತ್ರೆ. ಬಂದೂಕೆಂದರೆ ಏನು, ಅದು ಕೈಗೆ ಬಂದರೆ ಮನುಷ್ಯ ಏನಾಗುತ್ತಾನೆ ಎಂಬ ಕಲ್ಪನೆ ಬರುವುದು ಬೇರೆ ಕಡೆಯಿಂದ. ಮುಂಬಯಿಯಂಥ ನಗರದಲ್ಲಿ ಅದು ಬರುವುದು ಹೆಚ್ಚುಕಡಿಮೆ ಪರದೆಯೊಂದರಿಂದಲೇ. ಬಂದೂಕಿನ ನೇರ ಪರಿಚಯ ಎಲ್ಲಿ ಕಡಿಮೆಯೋ ಅಲ್ಲಿ ಪರದೆಯ ಪ್ರಭಾವ ಹೆಚ್ಚು ಎಂಬುದು ನನ್ನ ವಾದ. ಆ ಪ್ರಭಾವವನ್ನು ಎಷ್ಟು ಜನ ಕೊಂಡರು ಎಂಬ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೊಂಡವರು ತಾವು ಏನನ್ನು ಕೊಂಡೆವೆಂದು ತಿಳಿದಿದ್ದಾರೆ ಎಂಬುದರಲ್ಲಿ ಅದು ಸಿಗುತ್ತದೆ.

ಅಮೆರಿಕದಲ್ಲಿ ಈ ಸಂಬಂಧ ಕಣ್ಣಿಗೆ ಕಾಣುವಷ್ಟು ನೇರ. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಟಿಸಿದ ‘ಡರ್ಟಿ ಹ್ಯಾರಿ’ ಬಂತು. ಅದರ ಪೊಲೀಸ್ ನಾಯಕನ ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 29 ರಿವಾಲ್ವರ್. ಅದುವರೆಗೆ ಬೇಟೆಗಾರರು, ಹವ್ಯಾಸಿಗಳು ಕೇಳುತ್ತಿದ್ದ ಆ ಭಾರದ ರಿವಾಲ್ವರ್ ಚಿತ್ರ ಬಿಡುಗಡೆಯಾದ ಮೇಲೆ ಅಂಗಡಿಗಳಲ್ಲಿ ಸಿಗದಂತಾಯಿತು. ಪಟ್ಟಿಯಲ್ಲಿದ್ದ ಬೆಲೆಗಿಂತ ಹೆಚ್ಚು ತೆತ್ತು ಜನ ಕೊಂಡರು. ಜೇಮ್ಸ್ ಬಾಂಡ್ ವಾಲ್ಥರ್ ಪಿಪಿಕೆ ಹಿಡಿದ ಮೇಲೆ ಆ ಪುಟ್ಟ ಜರ್ಮನ್ ಪಿಸ್ತೂಲಿನ ಹೆಸರು ಬಂದೂಕು ಕಾಣದವರಿಗೂ ಬಾಯಿಪಾಠವಾಯಿತು. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಕೆಲ್ಲಿ ಡಿಲನ್ ಮತ್ತು ಬ್ರಾಡ್ ಬುಷ್‌ಮನ್ 2017ರಲ್ಲಿ ಪ್ರಕಟಿಸಿದ ಪ್ರಯೋಗ. 8ರಿಂದ 12 ವರ್ಷದ 104 ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ 20 ನಿಮಿಷ ಸಿನಿಮಾ ತೋರಿಸಿದರು. ಅರ್ಧದಷ್ಟು ಮಕ್ಕಳಿಗೆ ಬಂದೂಕಿರುವ ದೃಶ್ಯಗಳು, ಉಳಿದವರಿಗೆ ಅದೇ ಸಿನಿಮಾದಿಂದ ಬಂದೂಕು ತೆಗೆದುಹಾಕಿದ ಆವೃತ್ತಿ. ಆಮೇಲೆ ಆಟದ ಸಾಮಾನು ತುಂಬಿದ ಕೋಣೆಗೆ ಬಿಟ್ಟರು. ಅಲ್ಲಿನ ಬೀರುವಿನ ಡ್ರಾಯರಿನಲ್ಲಿ ಒಂದು ನಿಜವಾದ ಕೈಬಂದೂಕು ಇತ್ತು. ಗುಂಡು ಹಾರದಂತೆ ಮಾಡಿ, ಕುದುರೆ ಎಷ್ಟು ಸಲ ಎಳೆದರೆಂದು ಲೆಕ್ಕವಿಡುವ ಸಾಧನ ಅಳವಡಿಸಿದ್ದರು. ಹೆಚ್ಚಿನ ಜೋಡಿಗಳು ಅದನ್ನು ಕಂಡುಕೊಂಡವು. ಬಂದೂಕಿನ ದೃಶ್ಯ ನೋಡಿದ್ದ ಮಕ್ಕಳು ಅದನ್ನು ಹಿಡಿದುಕೊಂಡಿದ್ದ ಹೊತ್ತು ಸರಿಸುಮಾರು 53 ಸೆಕೆಂಡು. ನೋಡದವರದ್ದು 11 ಸೆಕೆಂಡು. ಕುದುರೆ ಎಳೆದದ್ದರಲ್ಲಂತೂ ಹೋಲಿಕೆಯೇ ಇಲ್ಲ: ನೋಡದವರು ಎಳೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಸಿನಿಮಾ ಆ ಮಕ್ಕಳನ್ನು ಕ್ರೂರಿಗಳನ್ನಾಗಿ ಮಾಡಿತೆಂದು ಪ್ರಯೋಗ ಹೇಳುವುದಿಲ್ಲ. ಬಂದೂಕು ಕೈಗೆ ಸಿಕ್ಕರೆ ಮಾಡಬೇಕಾದ್ದು ಇದು ಎಂಬುದನ್ನು ಅದು ಹೇಳಿಕೊಟ್ಟಿತು, ಅಷ್ಟೆ. ಆ ‘ಅಷ್ಟೆ’ ಸಣ್ಣದಲ್ಲ.

ಮುಂಬಯಿಗೆ ಬಂದರೆ ಈ ಸರಪಣಿ ಅಂಗಡಿಯ ಬಾಗಿಲಲ್ಲೇ ತುಂಡಾಗುತ್ತದೆ. ‘ಡರ್ಟಿ ಹ್ಯಾರಿ’ ನೋಡಿ ಬಂದವನು ಮರುದಿನ ಅಂಗಡಿಗೆ ಹೋಗಬಲ್ಲ. ಮುಂಬಯಿಯ ಭೂಗತ ಲೋಕದ ಚಿತ್ರ ‘ಸತ್ಯ’ ನೋಡಿ ಬಂದವನು ಹೋಗಲಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನಗರದಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದ್ದು. ಠಾಣೆ ನಗರಕ್ಕೆ, ನವಿ ಮುಂಬಯಿಗೆ, ಮೀರಾ ಭಾಯಂದರ್ ವಸಯಿ ವಿರಾರ್‌ಗೆ ಬೇರೆ ಬೇರೆ ಕಮಿಷನರೇಟ್‌ಗಳು. ಅರ್ಜಿ ಹಾಕಿದವನ ಮೇಲೆ ಕೇಸು ಇದೆಯೇ, ಜೀವಕ್ಕೆ ನಿಜವಾಗಿ ಅಪಾಯ ಇದೆಯೇ ಎಂದು ಸ್ಥಳೀಯ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಎಷ್ಟೋ ಸಲ ಅಲ್ಲೇ ಉಳಿಯುತ್ತದೆ. ಸಿಕ್ಕರೂ ಆಯ್ಕೆ ಎಂಬುದಿಲ್ಲ. 9 ಎಂಎಂ ಸಾಮಾನ್ಯರಿಗೆ ನಿಷಿದ್ಧ. ಸಾಮಾನ್ಯ ನಾಗರಿಕರು ವಿದೇಶದಿಂದ ಬಂದೂಕು ತರಿಸುವುದು 1980ರ ದಶಕದಿಂದಲೇ ಬಂದ್. ಉಳಿಯುವುದು ಕಾನ್ಪುರ, ಇಶಾಪುರಗಳ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಪಿಸ್ತೂಲು, ಈಚೆಗೆ ಬಂದ ಒಂದೆರಡು ಖಾಸಗಿ ತಯಾರಿಕೆ, ಇಲ್ಲವೇ ಅಜ್ಜನ ಕಾಲದ ಹಳೆಯ ವೆಬ್ಲಿ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಪರದೆಯ ಮೇಲೆ ಕಂಡ ಬ್ರಾಂಡನ್ನು ಕೊಳ್ಳುವ ಮಾತೇ ಇಲ್ಲಿ ಬರುವುದಿಲ್ಲ. ಇಷ್ಟೆಲ್ಲ ಅಡ್ಡಗೋಡೆ ಇರುವುದರಿಂದ ಮುಂಬಯಿಯಲ್ಲಿ ಸಿನಿಮಾದ ಪ್ರಭಾವವನ್ನು ಮಾರಾಟದ ಲೆಕ್ಕದಲ್ಲಿ ಹುಡುಕುವುದು ವ್ಯರ್ಥ. ಆದರೆ ಆಸೆ ಗೋಡೆಗೆ ಬಡಿದು ಸಾಯುವುದಿಲ್ಲ, ಪಕ್ಕದ ದಾರಿ ಹಿಡಿಯುತ್ತದೆ.

ಆ ಆಸೆ ಎಂಥದ್ದೆಂದು ನೋಡಬೇಕಾದರೆ ಪರದೆಯ ಬಂದೂಕನ್ನು ಹತ್ತಿರದಿಂದ ನೋಡಬೇಕು. ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಒಂದು ದೃಶ್ಯವನ್ನೇ ತೆಗೆದುಕೊಳ್ಳೋಣ. 2022ರ ‘ಕೆಜಿಎಫ್ ಚಾಪ್ಟರ್ 2’ರ ರಾಕಿ ಬಾಲ್ಯದಲ್ಲೇ ಮುಂಬಯಿಗೆ ಬಂದು, ಅಲ್ಲಿಯ ಬೀದಿಯಲ್ಲಿ ದೊಡ್ಡವನಾದವನು. ವಶಪಡಿಸಿಕೊಂಡ ಒಂದು ಚಿನ್ನದ ಗಟ್ಟಿಗಾಗಿ ಅವನು ಪೊಲೀಸ್ ಠಾಣೆಯ ಎದುರು ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ ಹೂಡಿ ಕಟ್ಟಡವನ್ನೇ ಜರಡಿ ಮಾಡುತ್ತಾನೆ. ಆಮೇಲೆ ಕೆಂಪಗೆ ಕಾದ ನಳಿಗೆಗೆ ತಾಗಿಸಿ ಸಿಗರೇಟು ಹಚ್ಚುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುವುದು ಅಲ್ಲಿ. 2012ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆ ಸಿಗರೇಟು ಕಾಣುವಷ್ಟು ಹೊತ್ತೂ ಪರದೆಯ ಕೆಳಗೆ ತಂಬಾಕು ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಬರಲೇಬೇಕು. ಸಿಗರೇಟು ಹಚ್ಚಿದ ಬೆಂಕಿ ಎಲ್ಲಿಂದ ಬಂತು ಎಂಬುದಕ್ಕೆ ಎಚ್ಚರಿಕೆ ಇಲ್ಲ. ಪರದೆಯ ಮೇಲೆ ಕಂಡದ್ದನ್ನು ಜನ ಕೊಂಡು ಬಳಸುತ್ತಾರೆಂದು ಸರ್ಕಾರ ತಂಬಾಕಿನ ವಿಷಯದಲ್ಲಿ ಒಪ್ಪಿಕೊಂಡಾಗಿದೆ. 2023ರಿಂದ ಒಟಿಟಿಗೂ ಆ ನಿಯಮ ಹಬ್ಬಿದೆ. ಪ್ರಭಾವ ಎಂಬುದೇ ಇಲ್ಲ ಎನ್ನುವ ವಾದ ನಮ್ಮ ಕಾನೂನಿನ ಕಣ್ಣಲ್ಲೇ ಬಿದ್ದುಹೋಗಿದೆ ಎಂದು ತೋರಿಸಲು ಈ ಒಂದು ದೃಶ್ಯ ಸಾಕು.

ಪರದೆಯ ಬಂದೂಕು ಹೇಳುವ ಸುಳ್ಳು ಹಿಂಸೆಯ ಬಗ್ಗೆಯಲ್ಲ, ಬಂದೂಕಿನ ಬಗ್ಗೆಯೇ. ಅದಕ್ಕೆ ಕಾಗದಪತ್ರ ಇಲ್ಲ, ಕಪಾಟಿನ ಬೀಗ ಇಲ್ಲ, ಎಣ್ಣೆ ಹಾಕಿ ಒರೆಸುವವರಿಲ್ಲ. ಗುಂಡು ಮುಗಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹಾರಿಸಿದರೂ ಯಾರ ಕಿವಿಯೂ ಕಿವುಡಾಗುವುದಿಲ್ಲ. ನಾಯಕನ ಗುರಿ ತಪ್ಪುವುದಿಲ್ಲ, ಎದುರಾಳಿಯ ಗುರಿ ತಾಗುವುದಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಮೂರು ಗುಂಡನ್ನು ಗಾಳಿಯಲ್ಲಿ ಹಾರಿಸಿ, ಉಳಿದ ಮೂರರ ಲೆಕ್ಕದಲ್ಲಿ ತನ್ನ ಮೂವರು ಬಂಟರ ಹಣೆಬರಹ ಪರೀಕ್ಷಿಸುತ್ತಾನೆ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರೇ ಮನೆ ಇರುತ್ತವೆ ಎಂಬ ಸಂಗತಿಯನ್ನು ಹಿಂದಿ ಸಿನಿಮಾ ನೆನಪಿಟ್ಟುಕೊಂಡ ಅಪರೂಪದ ಸಂದರ್ಭ ಅದು. ಆ ದೃಶ್ಯದ ಭಯ ಹುಟ್ಟುವುದೂ ಆ ಲೆಕ್ಕದಿಂದಲೇ. 1998ರ ‘ಸತ್ಯ’, 1999ರ ‘ವಾಸ್ತವ್’ ಮುಂಬಯಿಯ ಚಾಳಿನ ಹುಡುಗನ ಕೈಗೆ ಬಂದೂಕು ಬರುವ ಬಗೆಯನ್ನು, ಅದು ಅವನನ್ನು ತಿಂದುಹಾಕುವ ಬಗೆಯನ್ನು ಪ್ರಾಮಾಣಿಕವಾಗಿಯೇ ತೋರಿಸಿದವು. ಆದರೆ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಕೊನೆಯ ಹೆಣವಲ್ಲ, ನಡುವಿನ ಠೀವಿ. ‘ಸತ್ಯ’ದ ಭೀಕು ಮ್ಹಾತ್ರೆ ಸಮುದ್ರದ ಎದುರಿನ ಬಂಡೆಯ ಮೇಲೆ ನಿಂತು ಕೂಗಿದ್ದು ನೆನಪಿದೆ. ಅವನು ಸತ್ತದ್ದು ಹೇಗೆಂದು ಕೇಳಿದರೆ ಹಲವರು ತಡವರಿಸುತ್ತಾರೆ. ಈ ವಿಷಯವನ್ನು ಸಿನಿಮಾದವರೇ ಬಲ್ಲರು. 2012ರ ‘ಗ್ಯಾಂಗ್ಸ್ ಆಫ್ ವಾಸೇಪುರ್’ನ ಮುದಿ ರಾಜಕಾರಣಿ ರಾಮಾಧೀರ್ ಸಿಂಗ್, ತಾನು ಇಷ್ಟು ವರ್ಷ ಬದುಕಿ ಉಳಿದದ್ದು ಸಿನಿಮಾ ನೋಡದ್ದರಿಂದ ಎನ್ನುತ್ತಾನೆ.

ಟಿವಿಯ ಕೆಲಸ ಇದಕ್ಕಿಂತ ಬೇರೆ. ಸಿನಿಮಾ ಕೊಡುವುದು ಠೀವಿಯಾದರೆ ಟಿವಿ ಕೊಡುವುದು ಹೆದರಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ತೋರಿಸಿದಂತೆ, ಹೆಚ್ಚು ಹೊತ್ತು ಟಿವಿ ನೋಡುವವರು ಲೋಕ ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನಂಬುವ ಕಡೆಗೆ ವಾಲುತ್ತಾರೆ. ಮುಂಬಯಿಯಲ್ಲೇ ತಯಾರಾಗುವ ‘ಸಿಐಡಿ’, ‘ಕ್ರೈಮ್ ಪೆಟ್ರೋಲ್’ಗಳು ದಶಕಗಳಿಂದ ದೇಶದ ನಡುಮನೆಗಳಲ್ಲಿ ಕೊಲೆಗಡುಕರನ್ನು ಕೂರಿಸಿವೆ, ಸುದ್ದಿ ವಾಹಿನಿಗಳು ಅದನ್ನೇ ದಿನವಿಡೀ ಮಾಡುತ್ತವೆ. ಈ ಹೆದರಿಕೆ ಬಂದೂಕಿನ ಮಾರುಕಟ್ಟೆಯನ್ನು ಮುಟ್ಟಿದ ಸ್ಪಷ್ಟ ಉದಾಹರಣೆಯೊಂದಿದೆ. 2012ರ ಡಿಸೆಂಬರಿನ ದೆಹಲಿ ಅತ್ಯಾಚಾರದ ಸುದ್ದಿ ವಾರಗಟ್ಟಲೆ ಟಿವಿಯನ್ನು ತುಂಬಿತ್ತು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ಅರ್ಧ ಕಿಲೋ ತೂಕದ ಹಗುರ ರಿವಾಲ್ವರ್ ತಂದು, ಸುದ್ದಿಯಲ್ಲಿ ಎಲ್ಲರ ಬಾಯಲ್ಲಿದ್ದ ನಿರ್ಭಯಾ ಎಂಬ ಹೆಸರಿನ ನೆನಪಿಗೆ ‘ನಿರ್ಭೀಕ್’ ಎಂದು ಕರೆಯಿತು. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ರಾತ್ರಿ ಬಸ್ಸಿಗೆ ಕಾಯುವ ಯಾವ ಹೆಣ್ಣುಮಗಳು ಇಷ್ಟು ದುಡ್ಡು ಕೊಟ್ಟು, ಲೈಸೆನ್ಸಿಗೆ ತಿಂಗಳುಗಟ್ಟಲೆ ಅಲೆದು ಇದನ್ನು ಕೊಳ್ಳುತ್ತಾಳೆ ಎಂಬ ಪ್ರಶ್ನೆಯನ್ನು ಕಾರ್ಖಾನೆ ಕೇಳಿಕೊಂಡಂತೆ ಕಾಣುವುದಿಲ್ಲ. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ: ಟಿವಿಯಲ್ಲಿ ಒಳ್ಳೆಯ ಬಂದೂಕೂ ಬರುತ್ತದೆ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸಿನ ಶೂಟಿಂಗ್ ಫೈನಲ್ ತಲುಪಿದ, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಮುಂಬಯಿ ಸೀಮೆಯಲ್ಲೇ ಬೆಳೆದು, ಈಗ ಪನವೇಲ್ ಕಡೆಯ ತಮ್ಮ ಕ್ಲಬ್ಬಿನಲ್ಲಿ ಹುಡುಗ ಹುಡುಗಿಯರಿಗೆ ರೈಫಲ್ ಕಲಿಸುತ್ತಾರೆ. ಅಲ್ಲಿಗೆ ಬರುವವರು ಮೊದಲು ಕಲಿಯುವುದು ನಳಿಗೆ ಯಾವ ಕಡೆಗೆ ಇರಬಾರದು ಎಂಬುದನ್ನು.

ಈಗ ಪಕ್ಕದ ದಾರಿಗಳು. ಮೊದಲನೆಯದು ಲೈಸೆನ್ಸನ್ನೇ ದೊಡ್ಡಸ್ತಿಕೆಯ ಗುರುತಾಗಿ ನೋಡುವುದು. ಉಪನಗರಗಳಲ್ಲಿ ಬಿಳಿ ಬಟ್ಟೆ, ದೊಡ್ಡ ಗಾಡಿ, ಹಿಂದೆ ಬಂದೂಕುಧಾರಿ ಅಂಗರಕ್ಷಕ ಎಂಬ ವೇಷವೊಂದಿದೆ. ಬಿಲ್ಡರ್, ಕಾರ್ಪೊರೇಟರ್, ‘ಸಮಾಜಸೇವಕ’ ಎಲ್ಲರೂ ಅದನ್ನೇ ತೊಡುತ್ತಾರೆ. ಇದು ಸಿನಿಮಾ ಹೊಲಿದುಕೊಟ್ಟ ವೇಷ. 2024ರ ಫೆಬ್ರವರಿ 2ರಂದು ಉಲ್ಹಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯೊಳಗೆ, ಅಧಿಕಾರಿಯ ಕೊಠಡಿಯಲ್ಲೇ, ಜಮೀನು ತಕರಾರಿನಲ್ಲಿ ಎದುರಾಳಿಯ ಮೇಲೆ ಗುಂಡು ಹಾರಿಸಿದ ಆರೋಪದಲ್ಲಿ ಕಲ್ಯಾಣ್ ಪೂರ್ವದ ಶಾಸಕರು ಬಂಧಿತರಾದರು. ಬಳಸಿದ್ದು ಲೈಸೆನ್ಸ್ ಇದ್ದ ಆಯುಧ. ವಾರ ಕಳೆಯುವುದರೊಳಗೆ, ಫೆಬ್ರವರಿ 8ರಂದು, ನಗರದ ಉತ್ತರದ ತುದಿಯಲ್ಲಿ ಮಾಜಿ ಕಾರ್ಪೊರೇಟರ್ ಅಭಿಷೇಕ್ ಘೋಸಾಳ್ಕರ್ ಅವರನ್ನು ಸಂಧಾನಕ್ಕೆಂದು ಕರೆದು, ಫೇಸ್‌ಬುಕ್ ಲೈವ್ ನಡೆಯುತ್ತಿದ್ದಾಗಲೇ ಗುಂಡಿಕ್ಕಿ ಕೊಂದ ವ್ಯಕ್ತಿ ತಾನೂ ಗುಂಡು ಹಾರಿಸಿಕೊಂಡು ಸತ್ತ. ಪಿಸ್ತೂಲು ಅವನದ್ದಲ್ಲ, ಉತ್ತರ ಪ್ರದೇಶದಲ್ಲಿ ಲೈಸೆನ್ಸ್ ಪಡೆದ ಅಂಗರಕ್ಷಕನದ್ದು. ಈ ಎರಡು ಘಟನೆಗಳಿಗೆ ಸಿನಿಮಾ ಕಾರಣವೆಂದರೆ ಅದು ಹೊಣೆಗೇಡಿ ಮಾತಾದೀತು. ಹಗೆ, ಹಣ, ರಾಜಕೀಯ ಅಲ್ಲಿದ್ದವು. ನಾನು ಹೇಳುವುದು ಇಷ್ಟೇ. ಆತ್ಮರಕ್ಷಣೆಗೆಂದು ಕೊಟ್ಟ ಆಯುಧ, ಎರಡು ಸಲವೂ, ಒಂದು ದೃಶ್ಯವನ್ನು ನಡೆಸಿಕೊಡಲು ಬಳಕೆಯಾಯಿತು. ಎರಡನೆಯದರಲ್ಲಂತೂ ಕ್ಯಾಮೆರಾ ಮೊದಲೇ ಸಿದ್ಧವಾಗಿತ್ತು.

ಎರಡನೆಯ ದಾರಿ ಕಳ್ಳದಾರಿ. ಮುಂಬಯಿಯ ಬೀದಿಮಾತಿನಲ್ಲಿ ‘ಘೋಡಾ’ ಎನಿಸಿಕೊಳ್ಳುವ ಪಿಸ್ತೂಲು ಬರುವುದು ಬಿಹಾರದ ಮುಂಗೇರಿನಿಂದ, ಉತ್ತರ ಪ್ರದೇಶದಿಂದ, ಮಹಾರಾಷ್ಟ್ರದ ಜಳಗಾಂವ್ ಗಡಿಗೆ ತಾಗಿಕೊಂಡಿರುವ ಮಧ್ಯಪ್ರದೇಶದ ಉಮರ್ಟಿಯಂಥ ಹಳ್ಳಿಗಳಿಂದ. ತಯಾರಿಸುವವರು ಬಡ ಕುಶಲಕರ್ಮಿಗಳು, ಸಾಗಿಸುವವರು ಬಡ ಹುಡುಗರು. ಈ ವ್ಯಾಪಾರವನ್ನೇ ಕಥೆಯಾಗಿಸಿಕೊಂಡ ‘ಮಿರ್ಜಾಪುರ್’ ಸರಣಿ 2018ರಲ್ಲಿ ಮೊಬೈಲ್ ಪರದೆಗೆ ಬಂತು. ಅದೇ ಮೊಬೈಲ್ ಈಗ ಇನ್ನೊಂದು ಕೆಲಸವನ್ನೂ ಮಾಡುತ್ತಿದೆ. 2024ರ ಅಕ್ಟೋಬರ್ 12ರ ರಾತ್ರಿ ಬಾಂದ್ರಾ ಪೂರ್ವದಲ್ಲಿ ಮಾಜಿ ಸಚಿವ ಬಾಬಾ ಸಿದ್ದೀಕಿ ಅವರ ಕೊಲೆಯಾಯಿತು. ಬಂಧಿತರು ಕುರ್ಲಾದ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಯೂಟ್ಯೂಬ್ ವಿಡಿಯೋ ನೋಡಿ ಪಿಸ್ತೂಲು ಬಳಸುವುದನ್ನು ಕಲಿತರು ಎಂದು ಪೊಲೀಸರು ಆಗ ಹೇಳಿದರು. ಮೊದಲು ಭೂಗತ ಲೋಕದಲ್ಲಿ ಹಳಬರು ಹೊಸಬರಿಗೆ ಕಲಿಸಬೇಕಿತ್ತು. ಆ ಗುರುವಿನ ಜಾಗಕ್ಕೂ ಪರದೆ ಬಂದು ಕುಳಿತಿದೆ. ಮೂರನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ನಕಲಿ ಪಿಸ್ತೂಲು, ಪಿಸ್ತೂಲಿನ ಆಕಾರದ ಲೈಟರ್, ತಲವಾರಿನಲ್ಲಿ ಕತ್ತರಿಸಿದ ಹುಟ್ಟುಹಬ್ಬದ ಕೇಕು, ಹಿನ್ನೆಲೆಗೆ ಒಂದು ಸಿನಿಮಾ ಹಾಡು, ರೀಲ್, ಮರುದಿನ ಪೊಲೀಸರ ಎದುರು ಕೈಮುಗಿದು ಕ್ಷಮೆ ಕೇಳುವ ಇನ್ನೊಂದು ವಿಡಿಯೋ.

ಇಲ್ಲಿಗೆ ಬಲವಾದ ಆಕ್ಷೇಪವೊಂದು ಎದ್ದೇಳುತ್ತದೆ. ಬಂದೂಕು ಕೊಳ್ಳುವವರು ಕೊಳ್ಳುವುದು ಭಯದಿಂದ, ಸಿನಿಮಾದಿಂದಲ್ಲ. ಮುಂಬಯಿಯ ಚರಿತ್ರೆ ಈ ಮಾತಿಗೆ ಬೇಕಾದಷ್ಟು ಸಾಕ್ಷ್ಯ ಕೊಡುತ್ತದೆ. 1990ರ ದಶಕದಲ್ಲಿ ಬಿಲ್ಡರುಗಳಿಗೆ, ಸಿನಿಮಾ ನಿರ್ಮಾಪಕರಿಗೆ, ನಮ್ಮ ಕರಾವಳಿಯಿಂದ ಹೋಗಿ ಹೋಟೆಲು ಬಾರು ನಡೆಸುತ್ತಿದ್ದವರಿಗೆ ಹಫ್ತಾ ಕರೆಗಳು ಬರುತ್ತಿದ್ದದ್ದು ಕಟ್ಟುಕಥೆಯಲ್ಲ. 1997ರ ಆಗಸ್ಟ್ 12ರಂದು ನಿರ್ಮಾಪಕ ಗುಲ್ಶನ್ ಕುಮಾರ್ ಅಂಧೇರಿಯಲ್ಲಿ ಹಾಡುಹಗಲೇ ಕೊಲೆಯಾದರು. 2000ದ ಜನವರಿಯಲ್ಲಿ ರಾಕೇಶ್ ರೋಶನ್ ಅವರ ಮೇಲೆ ಗುಂಡು ಹಾರಿತು. ಸಲ್ಮಾನ್ ಖಾನ್ 2022ರಲ್ಲಿ ಬೆದರಿಕೆ ಪತ್ರ ಬಂದ ಮೇಲೆ ಲೈಸೆನ್ಸ್ ಪಡೆದರು, 2024ರ ಏಪ್ರಿಲ್ 14ರಂದು ಅವರ ಮನೆಯ ಮೇಲೆ ನಿಜವಾಗಿಯೇ ಗುಂಡು ಹಾರಿತು. ಸಂಜಯ್ ದತ್ ಪ್ರಕರಣವೂ ಇದೇ ಸಾಲಿಗೆ ಸೇರುತ್ತದೆ. 1992-93ರ ಗಲಭೆಗಳ ಹೊತ್ತಿನಲ್ಲಿ ಮನೆಯವರ ರಕ್ಷಣೆಗೆಂದು ಆಯುಧ ಇಟ್ಟುಕೊಂಡೆ ಎಂಬುದು ಅವರ ಕಡೆಯ ಮಾತಾಗಿತ್ತು. ನ್ಯಾಯಾಲಯ ಅವರನ್ನು ಭಯೋತ್ಪಾದನೆಯ ಆರೋಪದಿಂದ ಬಿಟ್ಟಿತು, ಶಸ್ತ್ರಾಸ್ತ್ರ ಕಾಯ್ದೆಯಡಿ ತಪ್ಪಿತಸ್ಥರೆಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಆರು ವರ್ಷದ ಶಿಕ್ಷೆಯನ್ನು ಐದಕ್ಕೆ ಇಳಿಸಿತು. ಗಲಭೆಯ ಭಯ ನಿಜವೇ ಇರಬಹುದು. ಆದರೆ ಒಂದು ಮನೆಯನ್ನು ಕಾಯಲು ಎಕೆ-56 ಬೇಕು ಎಂಬ ಆಲೋಚನೆ ಭಯದಿಂದ ಮಾತ್ರ ಹುಟ್ಟುವುದಿಲ್ಲ. ಅದೇ ಗಲಭೆಯಲ್ಲಿ ಅದಕ್ಕಿಂತ ಹೆಚ್ಚು ಅಪಾಯದಲ್ಲಿದ್ದ ಸಾವಿರಾರು ಕುಟುಂಬಗಳು ನೆಂಟರ ಮನೆಗೆ ಹೋದವು, ಬೀದಿಯವರೆಲ್ಲ ಸೇರಿ ಸರದಿಯಲ್ಲಿ ರಾತ್ರಿ ಕಾವಲು ಕೂತರು. ಭಯ ಬಂದೂಕನ್ನು ಬೇಡುವುದಿಲ್ಲ, ಏನಾದರೊಂದು ಉಪಾಯವನ್ನು ಬೇಡುತ್ತದೆ. ಮೊದಲು ಹೊಳೆಯುವ ಉಪಾಯ ಬಂದೂಕೇ ಆಗಿದ್ದರೆ, ಆ ಹೊಳಹು ಎಲ್ಲಿಂದ ಬಂತೆಂದು ಕೇಳಲೇಬೇಕು.

ಇಲ್ಲಿ ಕೊಡಗಿನ ಕಡೆ ಒಮ್ಮೆ ತಿರುಗಿ ನೋಡುವುದು ಉಪಯುಕ್ತ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ; ಪ್ರಶ್ನಿಸಿ ಹಾಕಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದು, ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಲ್ಲಿಯ ಹುಡುಗನಿಗೆ ಕೋವಿಯೆಂದರೆ ಮನೆಯ ಹಿರಿಯರು ಇಂಥಲ್ಲಿ ಇಡುವ, ಇಂತಿಂಥ ದಿನ ಮಾತ್ರ ಹೊರತೆಗೆಯುವ, ತಾನು ಕೇಳದೆ ಮುಟ್ಟಬಾರದ ವಸ್ತು. ಅವನೂ ‘ಕೆಜಿಎಫ್’ ನೋಡುತ್ತಾನೆ, ಶಿಳ್ಳೆ ಹಾಕುತ್ತಾನೆ. ಆದರೆ ಅದನ್ನು ಅಳೆದು ನೋಡಲು ಅವನ ಬಳಿ ಇನ್ನೊಂದು ಅಳತೆ ಇದೆ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದು ಹಂದಿ ಓಡಿಸುವ ರೈತನಿಗೂ ಹಾಗೆಯೇ. ಇದರಿಂದ ಕೊಡಗಿನಲ್ಲಿ ಬಂದೂಕಿನ ಅವಘಡ ಆಗುವುದೇ ಇಲ್ಲ ಎಂದಲ್ಲ, ಆಗುತ್ತವೆ. ಮುಂಬಯಿ ಹೊರವಲಯದ ಡೊಂಬಿವಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳೆದವನಿಗೆ ಮಾತ್ರ ಈ ಅಳತೆ ಇಲ್ಲ. ನಿಜವಾದ ಬಂದೂಕನ್ನು ಅವನು ಕಂಡಿರುವುದು ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಮುದುಕನ ತೊಡೆಯ ಮೇಲೆ. ಮಿಕ್ಕಿದ್ದೆಲ್ಲ ಪರದೆಯಲ್ಲಿ. ಕಡಿಮೆ ಲೈಸೆನ್ಸ್ ಇರುವ ಮಹಾನಗರದಲ್ಲಿ ಸಿನಿಮಾದ ಮಾತಿಗೆ ಹೆಚ್ಚು ತೂಕ ಬರುವುದು ಹೀಗೆ.

ಸಿನಿಮಾ ಸಮಾಜದ ಕನ್ನಡಿ, ಬಂದೂಕು ಮೊದಲು ಬೀದಿಗೆ ಬಂತು, ಆಮೇಲೆ ಪರದೆಗೆ ಎನ್ನುವ ಎರಡನೆಯ ಆಕ್ಷೇಪದಲ್ಲೂ ಸತ್ಯವಿದೆ. 1991ರ ನವೆಂಬರ್ 16ರಂದು ಮುಂಬಯಿಯ ಲೋಖಂಡ್‌ವಾಲಾದಲ್ಲಿ ಪೊಲೀಸರಿಗೂ ಭೂಗತ ಲೋಕದವರಿಗೂ ನಡೆದ ಗುಂಡಿನ ಕಾಳಗ ಸಿನಿಮಾ ಆದದ್ದು 2007ರಲ್ಲಿ. ಬೆಂಗಳೂರಿನ ರೌಡಿಗಳು ಲಾಂಗು ಮಚ್ಚು ಹಿಡಿದಿದ್ದರಿಂದ 1995ರ ‘ಓಂ’ ಚಿತ್ರದಲ್ಲಿ ಲಾಂಗು ಬಂತು. ಅಲ್ಲಿ ಪಿಸ್ತೂಲು ಇಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ. ಆಯಾ ಊರಿನ ಆಯುಧವೇ ಆಯಾ ಊರಿನ ಸಿನಿಮಾಕ್ಕೆ ಬರುತ್ತದೆ ಎಂಬುದು ನಿಜ. ಆದರೆ ‘ಓಂ’ ನಂತರ ಲಾಂಗಿಗೆ ಬಂದ ಕಳೆ ಮೊದಲು ಇರಲಿಲ್ಲ ಎಂಬುದೂ ನಿಜ. ಮುಂಬಯಿಯಲ್ಲಿ ಈ ಎರಡರ ನಡುವಿನ ಗಡಿ ಇನ್ನೂ ತೆಳು: ಭೂಗತ ಲೋಕದ ಹಣ ಚಿತ್ರರಂಗಕ್ಕೆ ಬರುತ್ತಿದ್ದ ಕಾಲದಲ್ಲಿ ಪರದೆಯ ಮೇಲಿನ ಡಾನ್‌ಗೂ ಹೊರಗಿನ ಡಾನ್‌ಗೂ ಒಂದೇ ದರ್ಜಿ ಬಟ್ಟೆ ಹೊಲಿಯುತ್ತಿದ್ದನೇನೋ ಅನಿಸುತ್ತಿತ್ತು. ಕನ್ನಡಿಯೆಂದರೂ, ಯಾವ ಕಡೆ ಹಿಡಿಯಬೇಕೆಂದು ತೀರ್ಮಾನಿಸುವವರು ಒಬ್ಬರಿರುತ್ತಾರೆ.

ಕೋಟಿ ಜನ ನೋಡುತ್ತಾರೆ, ಬಂದೂಕು ಹಿಡಿಯುವವರು ಕೆಲವರೇ ಅಲ್ಲವೇ ಎನ್ನುವುದು ಮೂರನೆಯದು. 2022ರಲ್ಲಿ ಮಧ್ಯಪ್ರದೇಶದ ಸಾಗರದಲ್ಲಿ ಕಾವಲುಗಾರರ ಸರಣಿ ಕೊಲೆಯ ಆರೋಪಿಯೊಬ್ಬ ‘ಕೆಜಿಎಫ್’ನ ರಾಕಿಯೇ ತನಗೆ ಸ್ಫೂರ್ತಿ ಎಂದನೆಂದು ಪೊಲೀಸರು ಹೇಳಿದಾಗ, ಆ ಹೇಳಿಕೆಯನ್ನು ಸಾಕ್ಷ್ಯವೆಂದು ಎತ್ತಿಕೊಂಡವರು ಬಹಳ. ನಾನು ಎತ್ತಿಕೊಳ್ಳಲಾರೆ. ಸಿಕ್ಕಿಬಿದ್ದವನಿಗೆ ಸಿನಿಮಾ ಒಳ್ಳೆಯ ನೆಪ, ಪೊಲೀಸರಿಗೆ ಒಳ್ಳೆಯ ಕಥೆ, ಪತ್ರಿಕೆಗೆ ಒಳ್ಳೆಯ ತಲೆಬರಹ. ಅದೂ ಅಲ್ಲದೆ ಅವನು ಬಳಸಿದ್ದು ಬಂದೂಕಲ್ಲ, ಕಲ್ಲು ಮತ್ತು ಕೈಗೆ ಸಿಕ್ಕ ಸಾಮಾನು. ಕೆಲವರೇ ಎಂಬುದು ಒಪ್ಪತಕ್ಕ ಮಾತು. ಆದರೆ ಬಂದೂಕಿನ ವಿಷಯದಲ್ಲಿ ಕೆಲವರೇ ಸಾಕು, ಮತ್ತು ಆ ಕೆಲವರು ಕೆಟ್ಟವರೇ ಆಗಿರಬೇಕಾಗಿಲ್ಲ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಜುಹುವಿನ ತಮ್ಮ ಮನೆಯಲ್ಲಿ ನಟ ಗೋವಿಂದಾ ಲೈಸೆನ್ಸ್ ಇದ್ದ ರಿವಾಲ್ವರನ್ನು ಕಪಾಟಿನಲ್ಲಿಡುವಾಗ ಅದು ಕೈಜಾರಿ ಗುಂಡು ಹಾರಿ ಮೊಣಕಾಲಿನ ಕೆಳಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಗುಂಡು ತೆಗೆದರು, ಅವರು ಚೇತರಿಸಿಕೊಂಡರು. ಗುಂಡು ತುಂಬಿದ ರಿವಾಲ್ವರ್ ಕೈಜಾರಿದರೆ ಏನಾಗುತ್ತದೆ ಎಂಬ ದೃಶ್ಯ ನಮ್ಮ ಸಾಹಸಚಿತ್ರಗಳಲ್ಲಿ ಎಷ್ಟಿದೆ? ದಶಕಗಟ್ಟಲೆ ಆ ಪರದೆಯ ಒಳಗೇ ಇದ್ದವರಿಗೂ ಅದು ಈ ಪಾಠವನ್ನು ಕಲಿಸಿರಲಿಲ್ಲ.

ಹಾಗಾದರೆ ಕತ್ತರಿ ಹಾಕಬೇಕೆ? ಪಂಜಾಬ್ ಸರ್ಕಾರ 2022ರ ನವೆಂಬರಿನಲ್ಲಿ ಬಂದೂಕನ್ನು ವೈಭವೀಕರಿಸುವ ಹಾಡುಗಳನ್ನು ನಿಷೇಧಿಸಿತು. ಹಾಡುಗಳು ಯೂಟ್ಯೂಬಿನಲ್ಲಿ ಹಾಗೇ ಹರಿಯುತ್ತಿವೆ. ಅಪರಾಧದ ವಿಧಾನವನ್ನು ತೋರಿಸಬಾರದು, ಹಿಂಸೆಯನ್ನು ವೈಭವೀಕರಿಸಬಾರದು ಎಂದು ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯಲ್ಲೇ ಇದೆ. ಅದೇ ಮಂಡಳಿಯ ಪ್ರಮಾಣಪತ್ರ ಹೊತ್ತೇ 2023ರ ‘ಅನಿಮಲ್’ನ ರಾಕ್ಷಸ ಗಾತ್ರದ ಮೆಷಿನ್ ಗನ್ ಹೊರಬಂತು. ತಂಬಾಕಿನಂತೆ ಬಂದೂಕಿಗೂ ಒಂದು ಎಚ್ಚರಿಕೆ ಹಾಕಿದರೆ ಜನ ಪಾಪ್‌ಕಾರ್ನ್ ತರಲು ಏಳುವ ಹೊತ್ತು ಇನ್ನೊಂದು ನಿಮಿಷ ಹೆಚ್ಚುತ್ತದೆ, ಅಷ್ಟೆ. ಪ್ರಭಾವ ಇರುವುದು ಕಲ್ಪನೆಯ ಮೇಲೆ ಎಂದ ಮೇಲೆ ಅದನ್ನು ತಿದ್ದಬೇಕಾದ್ದು ನೇರ ಪರಿಚಯದಿಂದ. ಅದಕ್ಕೆ ಜಾಗ ಲೈಸೆನ್ಸಿನ ಪ್ರಕ್ರಿಯೆಯಲ್ಲೇ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಕೇಳುತ್ತವೆ. ಆ ತರಬೇತಿ ಒಂದು ಪ್ರಮಾಣಪತ್ರವಾಗಿ ಕಡತ ಸೇರಿದರೆ ಸಾಲದು. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್‌ನಂಥ ಕಡೆ ವಾರಗಟ್ಟಲೆ ನಿಂತು, ಹಿಮ್ಮೆಟ್ಟು, ಸದ್ದು, ತಪ್ಪಿದ ಗುರಿ ಎಲ್ಲವನ್ನೂ ಅನುಭವಿಸಿದವನಿಗೆ ಮಾತ್ರ ಕೊಂಡುಕೊಳ್ಳುವ ಅನುಮತಿ ಸಿಗಬೇಕು. ಪರದೆಯಲ್ಲಿ ಕಲಿತದ್ದರಲ್ಲಿ ಅರ್ಧ ಅಲ್ಲೇ ಉದುರಿಹೋಗುತ್ತದೆ. ಎಷ್ಟೋ ಮಂದಿಗೆ ಬಂದೂಕೇ ಬೇಡ ಅನಿಸಿದರೂ ಆಶ್ಚರ್ಯವಿಲ್ಲ.

ಇನ್ನೊಂದು ಪರೀಕ್ಷೆ ಈಗಾಗಲೇ ನಡೆಯುತ್ತಿದೆ; ಅದರ ಫಲಿತಾಂಶವನ್ನು ನೋಡುವ ರೂಢಿಯಿಲ್ಲ. ಚುನಾವಣೆ ಬಂದಾಗಲೆಲ್ಲ ಪೊಲೀಸರು ಲೈಸೆನ್ಸುದಾರರ ಪಟ್ಟಿ ಪರಿಶೀಲಿಸಿ, ಅವರಲ್ಲಿ ಹಲವರಿಂದ ಬಂದೂಕುಗಳನ್ನು ಠಾಣೆಯಲ್ಲಿ ಇರಿಸಿಕೊಳ್ಳುತ್ತಾರೆ. 2024ರಲ್ಲಿ ಮುಂಬಯಿ ಎರಡು ಸಲ ಮತ ಹಾಕಿತು: ಮೇ 20ರಂದು ಲೋಕಸಭೆಗೆ, ನವೆಂಬರ್ 20ರಂದು ವಿಧಾನಸಭೆಗೆ. ಬಂದೂಕು ಒಪ್ಪಿಸಿದವರು ಆ ವಾರಗಳನ್ನು ಅದಿಲ್ಲದೆ ಕಳೆದರು. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆಗ ಕಮಿಷನರ್ ಕಚೇರಿಯ ಮೇಜಿನ ಆಚೆ ಕುಳಿತ ಅಧಿಕಾರಿ, ಹಳೆಯ ಅರ್ಜಿಯಲ್ಲಿ ಬರೆದ ಜೀವಬೆದರಿಕೆಯನ್ನು ಓದಿ ಹೇಳಿ, ಬಂದೂಕು ಠಾಣೆಯಲ್ಲಿದ್ದ ಆ ವಾರಗಳಲ್ಲಿ ಏನಾಯಿತು, ಆಗ ಯಾರ ರಕ್ಷಣೆ ಕೇಳಿದಿರಿ, ಯಾವ ಠಾಣೆಗೆ ದೂರು ಕೊಟ್ಟಿರಿ ಎಂದು ಲಿಖಿತ ಉತ್ತರ ಕೇಳಬಹುದು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಅರ್ಜಿಯ ನಮೂನೆಗೆ ಒಂದು ಸಾಲು ಸೇರಿಸಿದರೆ ಆಯಿತು.